ನೀರಿನ ಜಾಡಿನಲ್ಲಿ ಸಗರನಾಡಿನ ಕಲ್ಲುಬೆಟ್ಟಗಳು

ಒಣನಾಡಿನ ಬಂಡೆ, ಕಣಿವೆ, ಬಯಲುಗಳನ್ನು ಹಲವು ವಾಹನಗಳಲ್ಲಿ ಒಟ್ಟಾಗಿ ಸಾಗುತ್ತ ನೋಡುವ ಪ್ರವಾಸಕ್ರಮವು ಅಮೆರಿಕದ ನೈಋತ್ಯ ರಾಜ್ಯಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಯೂಟಾದ ಜಿಯಾನ್ 1919ರಲ್ಲಿ, ಅದೇ ರಾಜ್ಯದ ಆರ್ಚಸ್ 1971ರಲ್ಲಿ, ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ 1994ರಲ್ಲಿ ರಾಷ್ಟ್ರೀಯ ಉದ್ಯಾನಗಳೆನಿಸಿದವು; ಕಾಡಿನ ದಟ್ಟಣೆಯಾಗಲಿ ಹುಲಿ, ಆನೆಗಳಾಗಲಿ ಇಲ್ಲದ ಬರಿಯ ಕಲ್ಲು ಮಣ್ಣಿನ ನೆಲವೂ ರಾಷ್ಟ್ರದ ಸಂಪತ್ತೆಂಬ ತಿಳಿವಳಿಕೆ ಇವುಗಳ ಹಿಂದಿದೆ. ಭಾರತದಲ್ಲಿ ಈ ಬಗೆಯ ಉದ್ಯಾನಕ್ಕೆ ಉದಾಹರಣೆಯಾಗಿ ಜೈಸಲ್ಮೇರ್ ಸುತ್ತಲಿನ ಮರುಭೂಮಿ ರಾಷ್ಟ್ರೀಯ ಉದ್ಯಾನವನ್ನು ಹೇಳಬಹುದು. ಕರ್ನಾಟಕದಲ್ಲಿ ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ ಎಂಬ ಐದು ರಾಷ್ಟ್ರೀಯ ಉದ್ಯಾನಗಳಿದ್ದು, ಅವುಗಳಲ್ಲಿ ಒಂದೂ ಕೃಷ್ಣೆ ಮತ್ತು ಭೀಮೆಯರ ನಡುವಿನ ಒಣಭೂಮಿಯಲ್ಲಿಲ್ಲ. ಸಗರನಾಡು ಎಂದು ಹೆಸರಾದ ಶಹಾಪುರ, ಸುರಪುರಗಳ ಸೀಮೆಯನ್ನೂ ಅದಕ್ಕೆ ಹೊಂದಿಕೊಂಡ ಯಾದಗಿರಿಯನ್ನೂ ಕಣ್ಣಾರೆ ಕಂಡವರಿಗೆ ಈ ಕೊರತೆ ಎದ್ದು ತೋರುತ್ತದೆ.

ಈ ಸೀಮೆ ಮರುಭೂಮಿಯಲ್ಲ. ಇಲ್ಲಿ ಜೋಳ, ತೊಗರಿ, ಹತ್ತಿ ಬೆಳೆಯುತ್ತವೆ, ಕಾಲುವೆಯ ಕೆಳಗೆ ಭತ್ತವೂ ಬೆಳೆಯುತ್ತದೆ. ಭೂಗೋಳಶಾಸ್ತ್ರದ ಮಾತಿನಲ್ಲಿ ಇದು ಅರೆಶುಷ್ಕ ಪ್ರದೇಶ, ಅಂದರೆ ಬಿದ್ದ ಮಳೆಗಿಂತ ಬಿಸಿಲಿಗೆ ಆವಿಯಾಗಿ ಹೋಗಬಲ್ಲ ನೀರಿನ ಪ್ರಮಾಣವೇ ವರ್ಷದ ಬಹುಭಾಗ ಹೆಚ್ಚಾಗಿರುವ ನೆಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುವುದು ಇಲ್ಲಿ ವಿಶೇಷವಲ್ಲ. ಇಂಥ ನೆಲದಲ್ಲಿ ಮನುಷ್ಯರು ಎಲ್ಲಿ ತಂಗಿದರು, ಎಲ್ಲಿ ದನ ಕಟ್ಟಿದರು, ಎಲ್ಲಿ ಕೋಟೆ ಕಟ್ಟಿದರು ಎಂಬುದನ್ನೆಲ್ಲ ನೀರೇ ನಿರ್ಧರಿಸುತ್ತ ಬಂದಿದೆ. ಆದ್ದರಿಂದ ಯಾದಗಿರಿಯಿಂದ ಹೊರಟು ಶಹಾಪುರ, ಸುರಪುರ, ಹುಣಸಗಿಗಳ ಮೂಲಕ ನಾರಾಯಣಪುರದವರೆಗೆ ಸಾಗುವ ವಾಹನ ಪ್ರವಾಸವೊಂದನ್ನು ಯೋಜಿಸುವವರು ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಬದಿಗಿಟ್ಟು ನೀರಿನ ಜಾಡನ್ನು ಹಿಡಿದರೆ, ಬಿಡಿಬಿಡಿಯಾಗಿ ಕಾಣುವ ಬೆಟ್ಟ, ಕೆರೆ, ಗುಡಿ, ದಿಬ್ಬಗಳೆಲ್ಲ ಒಂದೇ ಕಥನದೊಳಗೆ ಬಂದು ಕೂಡುತ್ತವೆ.

ಕಲ್ಬುರ್ಗಿ ಜಿಲ್ಲೆಯಿಂದ ಬೇರ್ಪಟ್ಟು 2009ರ ಡಿಸೆಂಬರ್‌ನಲ್ಲಿ ರಾಜ್ಯದ 30ನೆಯ ಜಿಲ್ಲೆಯಾದ ಯಾದಗಿರಿಯ ಕೇಂದ್ರಪಟ್ಟಣವು ಭೀಮಾ ನದಿಯ ಸಮೀಪದಲ್ಲಿ, ಮುಂಬೈ ಮತ್ತು ಚೆನ್ನೈ ನಡುವಿನ ರೈಲುಮಾರ್ಗದ ಮೇಲಿದೆ. ಹೊರಗಿನಿಂದ ರೈಲಿನಲ್ಲಿ ಬಂದಿಳಿದು ಇಲ್ಲಿಂದ ಬಾಡಿಗೆಯ ಕ್ರೂಸರ್ ಹಿಡಿಯುವುದು ಅನುಕೂಲವಾದುದರಿಂದ ಪ್ರವಾಸದ ಆರಂಭ ಇಲ್ಲಿಯೇ ಆಗುವುದು ಸಹಜ. ಊರಿನ ನೆತ್ತಿಯ ಮೇಲಿರುವ ಕೋಟೆಬೆಟ್ಟವನ್ನು ಇತಿಹಾಸಕ್ಕಾಗಿ ಹತ್ತುವವರು ಬಹಳ. ಆದರೆ ಮುಂದಿನ ದಾರಿಯಲ್ಲಿ ಕಾಣಬೇಕಾದ ಕಲ್ಲಿನ ಸ್ವಭಾವವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಜಾಗ ಮತ್ತೊಂದಿಲ್ಲ. ಈ ಬೆಟ್ಟದ ಕಲ್ಲು ಗ್ರಾನೈಟ್ ಜಾತಿಯದು. ಭೂಮಿಯ ಆಳದಲ್ಲಿ ಕರಗಿದ ಶಿಲಾರಸವು ನಿಧಾನವಾಗಿ ತಣಿದು ಹರಳುಗಟ್ಟಿ ಆದ ಈ ಶಿಲೆಗೆ, ಪೂರ್ವ ಧಾರವಾಡ ಭೂಖಂಡವೆಂದು ಭೂವಿಜ್ಞಾನಿಗಳು ಕರೆಯುವ ಈ ಭಾಗದಲ್ಲಿ, ಸುಮಾರು 250 ಕೋಟಿ ವರ್ಷಗಳ ವಯಸ್ಸು ಇದೆ. ಜೋಶುವಾ ಟ್ರೀ ಉದ್ಯಾನದಲ್ಲಿ ಜನ ಬೆರಗಾಗಿ ನೋಡುವ ಗುಂಡುಕಲ್ಲುಗಳ ರಾಶಿಯೂ ಇದೇ ಬಗೆಯ ಶಿಲೆಯಿಂದಾದುದು, ಆದರೆ ವಯಸ್ಸಿನಲ್ಲಿ ಅದು ಯಾದಗಿರಿಯ ಕಲ್ಲಿನ ಹತ್ತರಲ್ಲಿ ಒಂದು ಪಾಲಿಗೂ ಸಮವಲ್ಲ.

ಗುಂಡುಕಲ್ಲುಗಳು ಒಂದರ ಮೇಲೊಂದು ಕುಳಿತದ್ದು ಹೇಗೆಂಬ ಪ್ರಶ್ನೆಗೂ ಉತ್ತರ ನೀರೇ. ಆಳದಲ್ಲಿದ್ದ ಶಿಲೆಯ ಮೇಲಿನ ಭಾರ ಯುಗಯುಗಗಳ ಸವೆತದಿಂದ ಇಳಿದಂತೆಲ್ಲ ಅದು ಹಿಗ್ಗಿ ಉದ್ದ, ಅಡ್ಡ ಸೀಳು ಬಿಡುತ್ತದೆ. ನೆಲದೊಳಗೆ ಇಳಿದ ನೀರು ಆ ಸೀಳುಗಳಲ್ಲಿ ನಿಂತು ಕಲ್ಲಿನ ಫೆಲ್ಡ್‌ಸ್ಪಾರ್ ಎಂಬ ಹರಳನ್ನು ಜೇಡಿಯಾಗಿ ಕೊಳೆಸುತ್ತದೆ. ಮೂರು ಕಡೆಯಿಂದ ನೀರು ತಾಕುವ ಮೂಲೆಗಳು ಮೊದಲು ಕರಗುವುದರಿಂದ ಚೌಕಾಕಾರದ ತುಂಡುಗಳು ಕ್ರಮೇಣ ಗುಂಡಗಾಗುತ್ತವೆ. ಮುಂದೆ ಮಳೆ ಆ ಜೇಡಿಯನ್ನು ತೊಳೆದೊಯ್ದಾಗ ಗಟ್ಟಿಯಾಗಿ ಉಳಿದ ತಿರುಳು ಇದ್ದಲ್ಲಿಯೇ ಗುಂಡಾಗಿ ಹೊರಬೀಳುತ್ತದೆ. ಯಾರೋ ಎತ್ತಿ ಇಟ್ಟಂತೆ ಕಾಣುವ ಬಂಡೆ ವಾಸ್ತವದಲ್ಲಿ ಹುಟ್ಟಿದ ಜಾಗದಿಂದ ಕದಲಿಯೇ ಇಲ್ಲ. ಬೆಟ್ಟ ಹತ್ತುವ ದಾರಿಯಲ್ಲಿ ಬಿಸಿಲಿಗೆ ತೆರೆದ ದೊಡ್ಡ ಬಂಡೆಯೊಂದರ ಮೈಯನ್ನು ಹತ್ತಿರದಿಂದ ನೋಡಿದರೆ, ಅದರ ಹೊರಪದರವು ಹೆಂಚಿನ ಮೇಲೆ ಉಬ್ಬಿದ ರೊಟ್ಟಿಯಂತೆ ತಳ ಬಿಟ್ಟು ಮೇಲೆದ್ದಿರುವುದು, ಅದರ ಅಂಚಿನಡಿ ಬೆರಳು ತೂರುವಷ್ಟು ಸಂದು ಇರುವುದು, ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುವುದು, ಸಂದಿನ ಬಾಯಲ್ಲಿ ಉದುರಿದ ಹರಳುಗಳು ದಪ್ಪ ಮರಳಾಗಿ ಸೇರಿರುವುದು ತಿಳಿಯುತ್ತದೆ. ಬೆಟ್ಟದ ಬುಡದ ಹೊಲಗಳ ಕೆಂಪು ಮಸಾರಿ ಮಣ್ಣು ಹೀಗೆ ಉದುರಿದ ಮರಳಿನಿಂದಲೇ ಆದುದು. ಕಲ್ಲಿನ ಇಳಿಜಾರಿನಲ್ಲಿ ಜಾರಿದ ಮಳೆನೀರನ್ನು ಹಿಡಿದು ನಿಲ್ಲಿಸುವುದು ಸುಲಭವಾದ್ದರಿಂದ ಈ ನಾಡಿನ ಬೆಟ್ಟದ ಕೋಟೆಗಳಲ್ಲಿ ಬಂಡೆಯ ಸಂದುಗಳೇ ಹೊಂಡಗಳಾದವು; ಮುತ್ತಿಗೆಯ ಕಾಲದಲ್ಲಿ ಗೋಡೆಯಷ್ಟೇ ಈ ಹೊಂಡಗಳೂ ಕೋಟೆಯನ್ನು ಕಾದವು.

ಯಾದಗಿರಿಯಿಂದ ಭೀಮೆಯನ್ನು ದಾಟಿ ದೋರನಹಳ್ಳಿಯ ಮೇಲೆ ಹಾದು ಶಹಾಪುರ ಸೇರುವ ಸುಮಾರು 35 ಕಿಲೋಮೀಟರ್ ದಾರಿಯಲ್ಲಿ ಮಸಾರಿ ಮಣ್ಣು ಕಪ್ಪು ಎರೆಯಾಗಿಯೂ ಎರೆ ಮತ್ತೆ ಮಸಾರಿಯಾಗಿಯೂ ಬದಲಾಗುವುದನ್ನು ವಾಹನದ ಕಿಟಕಿಯಿಂದಲೇ ಗುರುತಿಸಬಹುದು. ಶಹಾಪುರ ಸಮೀಪಿಸಿದಂತೆ ಊರ ಹಿಂದಿನ ಬೆಟ್ಟಸಾಲು ಅಂಗಾತ ಮಲಗಿದ ಮನುಷ್ಯನ ಆಕಾರ ತಾಳುತ್ತದೆ. ತಲೆ, ಎದೆ, ಹೊಟ್ಟೆ, ಕಾಲುಗಳೆನ್ನುವಂತೆ ನಾಲ್ಕು ಗುಡ್ಡಗಳು ಒಂದೇ ರೇಖೆಯಲ್ಲಿ ಕೂಡಿ ಮೂಡುವ ಈ ನೋಟವನ್ನು ಜನ ಮಲಗಿದ ಬುದ್ಧ ಎಂದು ಕರೆಯುತ್ತಾರೆ. ಬುದ್ಧನ ಬೆಟ್ಟವೆಂಬ ಪ್ರಚಾರದಿಂದ ಬರುವ ಪ್ರವಾಸಿಗರು ಚಿತ್ರ ತೆಗೆದುಕೊಂಡು ಹಾಗೆಯೇ ಮುಂದೆ ಸಾಗುವುದುಂಟು. ಆದರೆ ಶಹಾಪುರದ ನಿಜವಾದ ಅಚ್ಚರಿ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ವಿಭೂತಿಹಳ್ಳಿಯ ಬಯಲಿನಲ್ಲಿದೆ.

ಅಲ್ಲಿ ಬೃಹತ್ ಶಿಲಾಯುಗದವರು, ಅಂದರೆ ಕಬ್ಬಿಣವನ್ನು ಬಳಸಲು ಕಲಿತು ಸತ್ತವರ ನೆನಪಿಗಾಗಿ ದೊಡ್ಡ ಕಲ್ಲುಗಳ ರಚನೆಗಳನ್ನು ಮಾಡುತ್ತಿದ್ದ ಪ್ರಾಚೀನರು, ನೂರಾರು ಗುಂಡುಕಲ್ಲುಗಳನ್ನು ಬೆಟ್ಟದಿಂದ ಉರುಳಿಸಿ ತಂದು ಸಮಾನ ಅಂತರದ ಸಾಲುಗಳಲ್ಲಿ ಇಟ್ಟಿದ್ದಾರೆ. ಮೂಲೆಗೊಂದರಂತೆ ನಾಲ್ಕು ಕಲ್ಲು, ನಡುವೆ ಒಂದು ಕಲ್ಲು ಎಂಬ ಕ್ರಮ ಬಯಲಿನುದ್ದಕ್ಕೂ ಪುನರಾವರ್ತನೆಯಾಗುತ್ತದೆ. ಕೆಲವು ಸಾಲುಗಳು ವರ್ಷದ ನಿರ್ದಿಷ್ಟ ದಿನಗಳಲ್ಲಿ ಸೂರ್ಯ ಹುಟ್ಟುವ ಅಥವಾ ಮುಳುಗುವ ದಿಕ್ಕಿಗೆ ಹೊಂದುತ್ತವೆಂದು ಖಗೋಳ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಮಳೆ ತಪ್ಪಿದರೆ ಬದುಕೇ ತಪ್ಪುವ ನಾಡಿನಲ್ಲಿ ಋತುಗಳ ಆಗಮನವನ್ನು ಗುರುತಿಸುವ ಸಾಧನವೊಂದನ್ನು ಬಯಲಿನಷ್ಟು ದೊಡ್ಡದಾಗಿ ರಚಿಸಿದ್ದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಗೆ ಒಳಪಟ್ಟ ಈ ತಾಣದಲ್ಲಿ ಹಲವು ಕಲ್ಲುಗಳು ಸ್ಥಳ ಬಿಟ್ಟಿವೆ. ಕೆತ್ತನೆಯಾಗಲಿ ಶಾಸನವಾಗಲಿ ಇಲ್ಲದ ಕಲ್ಲನ್ನು ಸ್ಮಾರಕವೆಂದು ಒಪ್ಪಲು ನೋಡುವವರ ಮನಸ್ಸು ಬೇಗ ಸಿದ್ಧವಾಗದಿರುವುದೇ ಇಂಥ ತಾಣಗಳಿಗೆ ದೊಡ್ಡ ಅಪಾಯ.

ಶಹಾಪುರದಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಸುಮಾರು 25 ಕಿಲೋಮೀಟರ್ ಸಾಗಿದರೆ ಸುರಪುರ. ಸುತ್ತಲೂ ಗುಡ್ಡಗಳಿದ್ದು ನಡುವೆ ಊರು ಅಡಗಿದಂತಿರುವ ಈ ನೆಲೆಯನ್ನು ಬೇಡರ ನಾಯಕರು ಆರಿಸಿಕೊಂಡದ್ದರ ಕಾರಣವನ್ನು ಯಾವ ಗುಡ್ಡದ ಮೇಲೆ ನಿಂತವರೂ ಕ್ಷಣದಲ್ಲಿ ಗ್ರಹಿಸಬಲ್ಲರು. ಇವರ ಹಿಂದಿನ ರಾಜಧಾನಿ ಸಮೀಪದ ವಾಗಣಗೇರಾ. ಮೊಗಲ್ ಚಕ್ರವರ್ತಿ ಔರಂಗಜೇಬನು 1705ರಲ್ಲಿ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ ವಾಗಣಗೇರಾ ಕೋಟೆಯ ಮೇಲಿನದು. ಕೋಟೆ ಬಿದ್ದರೂ ಅದರ ಅರಸ ಪೀತಾಂಬರಿ ಪಿಡ್ಡ ನಾಯಕನು ಕೈಗೆ ಸಿಗದೆ ಪಾರಾದನು. ಗುಂಡುಕಲ್ಲುಗಳ ಸಂದುಗೊಂದಿಗಳನ್ನು ಬಲ್ಲ ಸ್ಥಳೀಯ ಪಡೆಗೆ ಈ ನೆಲ ಎಷ್ಟು ನೆರವಾಯಿತೆಂಬುದನ್ನು ಯಾದಗಿರಿಯ ಬೆಟ್ಟದಲ್ಲಿ ಕಲ್ಲಿನ ಸ್ವಭಾವವನ್ನು ಅರಿತು ಬಂದವರು ಸುಲಭವಾಗಿ ಊಹಿಸಿಕೊಳ್ಳಬಹುದು.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇನ್ನೊಂದು ಕಾಲದ ಗುರುತು. ನಿಜಾಮನ ಸೈನ್ಯದಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ (1808–1876) ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಕಾಲದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿ ಬಂದು 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಅವನ ಆತ್ಮಕಥೆಯ ಪ್ರಕಾರ ಬಾಲರಾಜನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಅದೇ ವೆಂಕಟಪ್ಪ ನಾಯಕನು 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದು, ಸೆರೆಸಿಕ್ಕು, ಅದೇ ವರ್ಷ ಗುಂಡಿನೇಟಿನಿಂದ ತೀರಿಕೊಂಡನು. ಸಂಸ್ಥಾನ 1860ರಲ್ಲಿ ನಿಜಾಮನ ವಶವಾಯಿತು. ಟೇಲರನನ್ನು ಕಾದಂಬರಿಕಾರನೆಂದು ನೆನೆಯುವವರು ಮರೆಯುವ ಎರಡು ಕೆಲಸಗಳು ಈ ಪ್ರವಾಸಕ್ಕೆ ಬಹಳ ಮುಖ್ಯ. ಒಂದು, ಈ ಸೀಮೆಯ ಬೃಹತ್ ಶಿಲಾರಚನೆಗಳನ್ನು, ಮುಖ್ಯವಾಗಿ ರಾಜನಕೋಳೂರಿನ ಕಲ್ಮನೆಗಳನ್ನು, ಮೊದಲಬಾರಿಗೆ ಅಳತೆ, ನಕ್ಷೆಗಳೊಡನೆ ದಾಖಲಿಸಿದ್ದು. ಅಗಲವಾದ ಚಪ್ಪಡಿಗಳನ್ನು ಗೋಡೆಯಾಗಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಈ ರಚನೆಗಳನ್ನು ಈ ಕಡೆ ಮೋರೇರ ಮನೆಗಳೆನ್ನುವ ರೂಢಿಯಿದೆ. ಇನ್ನೊಂದು, ಬೋನಾಳದ ಕೆರೆಯ ಅಭಿವೃದ್ಧಿ.

ಸುರಪುರದ ನಾಯಕರ ಕಾಲದ ಈ ಕೆರೆಯನ್ನು ಟೇಲರ್ ವಿಸ್ತರಿಸಿದನು. ನೀರಾವರಿಗಾಗಿ ಹಿಡಿದ ನೀರು ಇಂದು ಹಕ್ಕಿಗಳ ನೆಲೆಯಾಗಿದ್ದು, ಮಂಗೋಲಿಯ, ಟಿಬೆಟ್‌ಗಳ ಎತ್ತರದ ಜೌಗುಗಳಲ್ಲಿ ಮರಿ ಮಾಡಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಇಲ್ಲಿ ಇಳಿಯುತ್ತವೆ. ಈ ಹಕ್ಕಿ ಹಗಲು ನೀರಿನಲ್ಲಿ ತಂಗಿ ಹೊಲಗಳಲ್ಲಿ ಎಳೆಯ ಪೈರು, ಉದುರಿದ ಕಾಳು ಮೇಯುವುದರಿಂದ ಕೆರೆಯೊಂದನ್ನೇ ಕಾಪಾಡಿದರೆ ಅದು ಉಳಿಯದು, ಸುತ್ತಲಿನ ಬಯಲೂ ಉಳಿಯಬೇಕು. ಅಭಯಾರಣ್ಯವೆಂದರೆ ಬೇಲಿಯೊಳಗಿನ ನೆಲ ಎಂಬ ಕಲ್ಪನೆ ಒಣನಾಡಿಗೆ ಸಾಲುವುದಿಲ್ಲವೆಂಬುದಕ್ಕೆ ಬೋನಾಳವೇ ಸಾಕ್ಷಿ.

ಸುರಪುರದಿಂದ ಪಶ್ಚಿಮಕ್ಕೆ ತಿರುಗಿ ಹುಣಸಗಿಯ ದಾರಿ ಹಿಡಿದಾಗ ನೆಲದ ರೂಪವೇ ಬದಲಾಗುತ್ತದೆ. ಇಲ್ಲಿ ಗ್ರಾನೈಟ್ ಗುಡ್ಡಗಳ ಜೊತೆಗೆ ಸುಣ್ಣಕಲ್ಲು ಸೇರಿಕೊಳ್ಳುತ್ತದೆ. ಪುರಾತನ ಸಮುದ್ರವೊಂದರ ತಳದಲ್ಲಿ ಪದರಪದರವಾಗಿ ಕೂಡಿದ ಕೆಸರು ಗಟ್ಟಿಯಾಗಿ ಆದ ಈ ಶಿಲಾಸಮೂಹಕ್ಕೆ ಭೀಮಾ ಶಿಲಾಸಮೂಹವೆಂದು ಹೆಸರು. ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಇದರದೇ ಬಳಗ. ಎತ್ತರದ ಹಾಸುಗಳ ನಡುವೆ ಬೋಗುಣಿಯಂತೆ ತಗ್ಗಿರುವ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಪ್ರೊ. ಕೆ. ಪದ್ದಯ್ಯ ಅವರು 1970ರ ದಶಕದಿಂದ ಹಲವು ದಶಕ ನಡೆಸಿದ ಶೋಧನೆಯು ಹಳೆಯ ಶಿಲಾಯುಗದ ನೂರಾರು ನೆಲೆಗಳನ್ನು ಬೆಳಕಿಗೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಆದಿಮಾನವರ ಬದುಕನ್ನು ಒಂದು ಇಡೀ ಕಣಿವೆಯ ಪ್ರಮಾಣದಲ್ಲಿ ಓದಲು ಸಾಧ್ಯವಾದ ತಾಣಗಳು ಬಹಳ ಕಡಿಮೆ.

ಈ ಕಣಿವೆಯ ವಿಶೇಷವೆಂದರೆ ಅದರ ಬುಗ್ಗೆಗಳು. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದ ಮಳೆನೀರು ಕಣಿವೆಯ ಅಂಚಿನಲ್ಲಿ ಒಸರಾಗಿ ಹೊರಬರುತ್ತದೆ, ಹೊರಬರುವಾಗ ಕರಗಿಸಿಕೊಂಡು ತಂದ ಸುಣ್ಣವನ್ನು ಬಾಯಿಯ ಸುತ್ತ ರಂಧ್ರಮಯ ಕಲ್ಲಾಗಿ ಬಿಡುತ್ತದೆ. ಈ ಸುಣ್ಣದ ನಿಕ್ಷೇಪಗಳೇ ಬುಗ್ಗೆಗಳು ಬಹು ಪುರಾತನವೆಂಬುದಕ್ಕೆ ಆಧಾರ. ಮಳೆಗಾಲದಲ್ಲಿ ಎಲ್ಲೆಡೆ ನೀರು ಸಿಗುವುದರಿಂದ ಆದಿಮಾನವರ ಗುಂಪುಗಳು ಕಣಿವೆಯ ತುಂಬ ಚದುರಿ ಗೆಡ್ಡೆ, ಹಣ್ಣು, ಸಣ್ಣ ಬೇಟೆಗಳನ್ನು ಅರಸುತ್ತಿದ್ದವು. ಬೇಸಗೆಯಲ್ಲಿ ಅವೇ ಗುಂಪುಗಳು ಬತ್ತದ ಬುಗ್ಗೆಗಳ ಬಳಿ ನೆರೆದು ನೀರು ಕುಡಿಯಲು ಬರುವ ದೊಡ್ಡ ಪ್ರಾಣಿಗಳನ್ನು ಬೇಟೆಯಾಡುತ್ತಿದ್ದವು ಎಂಬುದು ಪದ್ದಯ್ಯನವರ ನಿರೂಪಣೆ. ಲಕ್ಷಾಂತರ ವರ್ಷಗಳ ಹಿಂದಿನ ಮನುಷ್ಯರ ವಾರ್ಷಿಕ ಸಂಚಾರದ ನಕ್ಷೆಯೊಂದನ್ನು ಹೀಗೆ ನೆಲದ ಮೇಲೆಯೇ ಬರೆಯಲು ಸಾಧ್ಯವಾದದ್ದು ಕನ್ನಡನಾಡಿನ ಪುರಾತತ್ತ್ವದ ಅತ್ಯಂತ ದೊಡ್ಡ ಸಾಧನೆಗಳಲ್ಲಿ ಒಂದು, ಶಾಲಾ ಪಠ್ಯಗಳಲ್ಲಿ ಅದಕ್ಕೆ ದೊರೆತಿರುವ ಜಾಗ ಅದರ ಯೋಗ್ಯತೆಗೆ ಏನೇನೂ ಸಾಲದು.

ಹುಣಸಗಿಯ ಸಮೀಪದ ಇಸಾಂಪುರ ಇಡೀ ಪ್ರವಾಸದ ತಿರುಳು. ಅಲ್ಲಿಯ ಸುಣ್ಣಕಲ್ಲಿನ ಹಾಸು ಸಹಜವಾಗಿಯೇ ಬಿರುಕುಬಿಟ್ಟು ಕೈಯಲ್ಲಿ ಎತ್ತಬಹುದಾದ ಚಪ್ಪಡಿಗಳಾಗಿ ಏಳುತ್ತದೆ, ಸಿಲಿಕಾ ಸೇರಿ ಗಟ್ಟಿಯಾದ ಈ ಕಲ್ಲು ಹೊಡೆದರೆ ಪುಡಿಯಾಗದೆ ಹರಿತವಾದ ಅಂಚು ಬಿಟ್ಟು ಚಕ್ಕೆಯೇಳುತ್ತದೆ. ಆದಿಮಾನವರು ಚಪ್ಪಡಿಯನ್ನು ಹಾಸಿನಿಂದ ಎಬ್ಬಿಸಿ, ಬೇರೆ ಕಡೆಯಿಂದ ತಂದ ಇನ್ನೂ ಗಟ್ಟಿಯಾದ ಉಂಡೆಗಲ್ಲಿನಿಂದ ಅದರ ಅಂಚನ್ನು ಒಂದು ಮಗ್ಗುಲಿಂದ, ಮತ್ತೆ ತಿರುವಿ ಇನ್ನೊಂದು ಮಗ್ಗುಲಿಂದ ಹೊಡೆದು ಕೈಗೊಡಲಿ, ಸೀಳುಗತ್ತಿಗಳನ್ನು ಮಾಡಿದರು. ಹೊಡೆತ ಬಿದ್ದ ಜಾಗದಲ್ಲಿ ಚಕ್ಕೆಯ ಒಳಮೈ ಸಣ್ಣಗೆ ಉಬ್ಬಿರುತ್ತದೆ, ಆ ಉಬ್ಬಿನಿಂದ ಅಲೆಯಂತೆ ಗೆರೆಗಳು ಹರಡಿರುತ್ತವೆ. ಬಿಸಿಲಿಗೆ ತಾನಾಗಿ ಸಿಡಿದ ಕಲ್ಲಿನಲ್ಲಿ ಈ ಗುರುತು ಇರುವುದಿಲ್ಲ. ಇದೊಂದನ್ನು ಕಲಿತವರಿಗೆ ಹೊಲದಲ್ಲಿ ಬಿದ್ದ ಸಾವಿರ ಕಲ್ಲುಗಳ ನಡುವೆ ಮನುಷ್ಯನ ಕೈ ತಾಕಿದ ಕಲ್ಲು ಬೇರೆಯಾಗಿಯೇ ಕಾಣತೊಡಗುತ್ತದೆ. 1997ರಿಂದ ನಡೆದ ಉತ್ಖನನದಲ್ಲಿ ಉಪಕರಣ, ಚಕ್ಕೆ, ಅರ್ಧಕ್ಕೆ ಬಿಟ್ಟ ಚಪ್ಪಡಿಗಳೆಲ್ಲ ಕೆಲಸ ನಡೆದ ಜಾಗದಲ್ಲಿಯೇ ದೊರೆತವು. ಅಲ್ಲಿ ಸಿಕ್ಕ ಸಸ್ಯಾಹಾರಿ ಪ್ರಾಣಿಯ ಹಲ್ಲಿನ ಹೊರಪದರವನ್ನು ಎಲೆಕ್ಟ್ರಾನ್ ಸ್ಪಿನ್ ಅನುರಣನ ವಿಧಾನದಿಂದ, ಅಂದರೆ ನೆಲದ ವಿಕಿರಣವು ಯುಗಯುಗಗಳಲ್ಲಿ ಹಲ್ಲಿನಲ್ಲಿ ಉಳಿಸಿದ ಪರಿಣಾಮವನ್ನು ಅಳೆಯುವ ಕ್ರಮದಿಂದ ಪರೀಕ್ಷಿಸಿದಾಗ, ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆ ಕಂಡುಬಂದಿತು.

ಬೈಚಬಾಳ ಕಣಿವೆಯ ಬೂದಿಹಾಳದಲ್ಲಿ ಕಾಲ ಒಮ್ಮೆಲೇ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನಷ್ಟು ಹತ್ತಿರಕ್ಕೆ ಬರುತ್ತದೆ. ಅಲ್ಲಿಯ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳದು. ದೊಡ್ಡಿಯಲ್ಲಿ ಕೂಡಿದ ಸಗಣಿಯನ್ನು ರಾಶಿ ಹಾಕಿ ಆಗಾಗ ಸುಡುತ್ತಿದ್ದುದರಿಂದ ಬೂದಿಯ ಪದರಗಳು ಎದ್ದವು, ಕಾವು ಹೆಚ್ಚಾದಲ್ಲಿ ಬೂದಿಯೇ ಕರಗಿ ಗಾಜಿನಂಥ ಗಡ್ಡೆಯಾಯಿತು. ಇಂಥ ದಿಬ್ಬಗಳು ಕೃಷ್ಣಾ, ತುಂಗಭದ್ರೆಯರ ಸೀಮೆಯಲ್ಲಿ ಹಲವಿದ್ದು, ರಾಕ್ಷಸರ ಬೂದಿಯೆಂದೋ ಜ್ವಾಲಾಮುಖಿಯ ಶೇಷವೆಂದೋ ಮೊದಲು ಭಾವಿಸಲಾಗಿತ್ತು. ಬೂದಿಹಾಳದ ಉತ್ಖನನ ದನದ ದೊಡ್ಡಿಯ ಜೊತೆಗೆ ವಾಸದ ನೆಲೆಯನ್ನೂ ಮಾಂಸ ಕೊಯ್ದು ಹಂಚಿದ ನೆಲವನ್ನೂ ಒಟ್ಟಿಗೆ ತೋರಿಸಿ, ಇವು ಬರಿಯ ಬೂದಿಯ ರಾಶಿಗಳಲ್ಲ, ಊರುಗಳು ಎಂಬುದನ್ನು ದೃಢಪಡಿಸಿತು.

ದಾರಿ ಮುಗಿಯುವ ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ 1982ರಲ್ಲಿ ಪೂರ್ಣಗೊಂಡ ಬಸವಸಾಗರ ಅಣೆಕಟ್ಟು ಇದೆ. ಅದರ ಎಡದಂಡೆ ಕಾಲುವೆ ಮತ್ತು ಶಹಾಪುರ ಶಾಖಾ ಕಾಲುವೆಗಳು ಪ್ರವಾಸಿಗರು ಬಂದ ದಾರಿಯ ನೆಲಕ್ಕೇ ನೀರು ಹರಿಸುತ್ತವೆ. ಬುಗ್ಗೆ, ಹೊಂಡ, ಕೆರೆಗಳು ನೆಲದ ಇಳಿಜಾರಿಗೆ ಒಪ್ಪಿ ನಿಂತ ನೀರಾದರೆ, ಕಾಲುವೆಯದು ದೂರದಿಂದ ಎಳೆದು ತಂದ ನೀರು. ಅದು ಈ ನಾಡಿನ ಹಸಿವನ್ನು ನೀಗಿಸಿದ್ದನ್ನು ಮರೆತು ಮಾತಾಡುವುದು ಅನ್ಯಾಯ. ಆದರೆ ಎರೆನೆಲಕ್ಕೆ ಹಿಡಿದ ನೀರು ಬಸಿದುಹೋಗದೆ ಸವಳು, ಜವಳಿನ ತೊಂದರೆ ತಂದಿದೆ, ಭತ್ತದ ಗದ್ದೆಗಾಗಿ ನೆಲ ಸಮ ಮಾಡುವಾಗ ಹಳೆಯ ದಿಬ್ಬ, ಕಲ್ಲುಸಾಲುಗಳು ಯಂತ್ರದ ಅಲಗಿಗೆ ಸಿಕ್ಕುತ್ತವೆ. ರೈತನನ್ನು ಇದಕ್ಕಾಗಿ ದೂರುವುದು ತಪ್ಪು. ತನ್ನ ಹೊಲದಲ್ಲಿ ಏನಿದೆಯೆಂಬುದನ್ನು ಅವನಿಗೆ ತಿಳಿಸುವ ಹೊಣೆ ಬಲ್ಲವರದು.

ಇಂಥ ನೆಲದಲ್ಲಿ ವಾಹನಗಳ ಸಾಲು ಸಾಗಬೇಕಾದ ರೀತಿಯನ್ನೂ ನೆಲವೇ ಹೇಳುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ನೀರು ಕುಡಿದು ಉಬ್ಬುವುದರಿಂದ ಹೊಲದ ದಾರಿಗೆ ಇಳಿದ ಗಾಲಿ ಮೇಲೇಳುವುದಿಲ್ಲ, ಮಾರ್ಚಿನಿಂದ ಮುಂದೆ ಬಂಡೆಗಳ ಕಾವಿಗೆ ನಡುಹಗಲಿನಲ್ಲಿ ನಡೆಯಲಾಗುವುದಿಲ್ಲ; ಉಳಿಯುವುದು ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ, ಹಕ್ಕಿಗಳಿರುವ ಕಾಲವೂ ಅದೇ. ಬುತ್ತಿಗೂ ಕುಡಿಯುವ ನೀರಿಗೂ ಸುರಪುರ, ಹುಣಸಗಿಗಳನ್ನೇ ನಂಬಬೇಕಾದುದರಿಂದ ಕಣಿವೆಗೆ ಇಳಿಯುವ ಮೊದಲೇ ಅವನ್ನು ತುಂಬಿಕೊಳ್ಳುವುದು ಒಳಿತು. ನಾಲ್ಕೈದು ವಾಹನಗಳಿಗಿಂತ ಹೆಚ್ಚಾದ ಸಾಲು ಹಳ್ಳಿಯ ದಾರಿಗಳಲ್ಲಿ ಬಂಡಿ, ಟ್ರ್ಯಾಕ್ಟರುಗಳಿಗೆ ಅಡ್ಡಿಯಾಗುತ್ತದೆ; ವಾಹನಗಳನ್ನು ಊರಬಾಗಿಲಲ್ಲಿ ನಿಲ್ಲಿಸಿ ಕೊನೆಯ ದೂರವನ್ನು ನಡೆದೇ ಕ್ರಮಿಸಬೇಕು. ಜಿಯಾನ್ ಕಣಿವೆಯಲ್ಲಿ ಕಾರುಗಳ ದಟ್ಟಣೆ ಮಿತಿಮೀರಿದಾಗ 2000ದಲ್ಲಿ ಸಾರ್ವಜನಿಕ ಬಸ್ಸುಗಳನ್ನು ತಂದು, ಜನ ಹೆಚ್ಚಾಗಿ ಬರುವ ತಿಂಗಳುಗಳಲ್ಲಿ ಖಾಸಗಿ ವಾಹನಗಳನ್ನು ಕಣಿವೆಯ ಹೊರಗೇ ತಡೆಯಲಾಯಿತು. ಅಲ್ಲಿ ತಡವಾಗಿ ಮಾಡಿದ್ದನ್ನು ಇಲ್ಲಿ ಮೊದಲೇ ಮಾಡುವ ಅವಕಾಶವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಇಸಾಂಪುರದಲ್ಲಿ ಕಣ್ಣಿಗೆ ಬಿದ್ದ ಕೈಗೊಡಲಿಯನ್ನು ಜೇಬಿಗೆ ಹಾಕಿಕೊಳ್ಳುವವರು ಸಾಕ್ಷ್ಯವನ್ನು ಅಳಿಸುತ್ತಾರೆ, ಏಕೆಂದರೆ ಕಲ್ಲಿನ ಉಪಕರಣದ ಅರ್ಥ ಇರುವುದು ಅದು ಬಿದ್ದ ಜಾಗದಲ್ಲಿ.

ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವುದು ಜನವಸತಿ, ಹೊಲಗದ್ದೆಗಳಿಂದ ತುಂಬಿದ ಈ ಸೀಮೆಗೆ ಒಪ್ಪುವ ದಾರಿಯಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಗುರುತಿಸುವ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ವರ್ಗವು ಒಂದು ಬಂಡೆಗೋ ಒಂದು ಎಕರೆ ಶಿಲೆಗೋ ಅನ್ವಯವಾಗಬಲ್ಲದು. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾಶಿಲೆ, ಉಡುಪಿ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು ಅದರಡಿ ಬಂದಿವೆ. ಯಾದಗಿರಿ ಜಿಲ್ಲೆಯಿಂದ ಪ್ರಸ್ತಾವ ಹೋಗುವುದಾದರೆ ಮೊದಲನೆಯದು ಇಸಾಂಪುರದ ಸುಣ್ಣಕಲ್ಲಿನ ಹಾಸಿನದಾಗಬೇಕು. ಶಹಾಪುರದ ಬೆಟ್ಟಸಾಲು ದೊಡ್ಡದಾದ್ದರಿಂದ ಅದರ ಮೇಲೆ ಜನರ ಕಣ್ಣು ಇದ್ದೇ ಇರುತ್ತದೆ, ಬೋನಾಳಕ್ಕೆ ಹಕ್ಕಿಪ್ರಿಯರ ಬೆಂಬಲವಿದೆ, ವಿಭೂತಿಹಳ್ಳಿಗೆ ಪುರಾತತ್ತ್ವ ಇಲಾಖೆಯ ಕಾಯಿದೆ ಇದೆ. ಹೊಲದ ಮಟ್ಟಕ್ಕೇ ಇರುವ ಇಸಾಂಪುರದ ಕಲ್ಲುಹಾಸು ಮಾತ್ರ ಒಂದು ದಿನದ ಯಂತ್ರದ ಕೆಲಸಕ್ಕೆ ಇಲ್ಲವಾಗಬಹುದಾದಷ್ಟು ತೆಳುವಾಗಿದೆ.